ವಿಯೆಟ್ನಾಮಿನ ದೋಣಿ ನಿರಾಶ್ರಿತರನ್ನು ಇಳಿಸಿಕೊಂಡವರು ಯಾರು, ನೆಲೆ ಕೊಟ್ಟವರು ಯಾರು?

ಇತಿಹಾಸ ವಿದ್ಯಾರ್ಥಿ:
1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ವಶವಾದ ನಂತರದ 20 ವರ್ಷಗಳಲ್ಲಿ ಸುಮಾರು 8 ಲಕ್ಷ ವಿಯೆಟ್ನಾಮೀಯರು ದೋಣಿಗಳಲ್ಲಿ ಪರದೇಶಗಳ ದಡ ಸೇರಿದರು. ಮಲೇಷ್ಯಾ, ಥಾಯ್ಲೆಂಡ್, ಇಂಡೊನೇಷ್ಯಾಗಳು 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿದ ದೇಶಗಳಲ್ಲ. ಹಾಗಿದ್ದೂ ಇವರನ್ನು ಇಳಿಸಿಕೊಂಡದ್ದೇಕೆ? ಯಾರು ಯಾವ ದೇಶಕ್ಕೆ ಹೋಗಬೇಕೆಂಬುದು ಹೇಗೆ ನಿರ್ಧಾರವಾಗುತ್ತಿತ್ತು?

ತೀರದರ್ಶಿ:
ಎಲ್ಲರನ್ನೂ ಇಳಿಸಿಕೊಳ್ಳಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಎಷ್ಟೋ ದೋಣಿಗಳನ್ನು ಮಲೇಷ್ಯಾದ ನೌಕಾಪಡೆ ಮತ್ತೆ ಸಮುದ್ರಕ್ಕೆ ಎಳೆದು ಬಿಟ್ಟಿತು. 1979ರ ಜೂನ್ ಒಂದೇ ತಿಂಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಬಂದಾಗ, ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ಆಗಿನ ಐದೂ ದೇಶಗಳು ತಮ್ಮ ಸಹನೆ ಮುಗಿದಿದೆ, ಇನ್ನು ಹೊಸಬರನ್ನು ಸೇರಿಸುವುದಿಲ್ಲ ಎಂದು ಘೋಷಿಸಿದವು. ಜುಲೈನಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಕರೆದ ಸಭೆಯಲ್ಲಿ ಒಂದು ಕೊಡು-ಕೊಳ್ಳುವ ವ್ಯವಸ್ಥೆ ಏರ್ಪಟ್ಟಿತು: ನೆರೆಯ ದೇಶಗಳು ತಾತ್ಕಾಲಿಕ ಆಶ್ರಯ ಕೊಡುವುದು, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಮುಂತಾದವು ಅವರನ್ನು ಕರೆದೊಯ್ದು ನೆಲೆಗೊಳಿಸುವುದು, ಅಕ್ರಮ ನಿರ್ಗಮನವನ್ನು ವಿಯೆಟ್ನಾಂ ತಡೆಯುವುದು. ನೆಲೆ ಕೊಡುವ ಭರವಸೆ 1.25 ಲಕ್ಷದಿಂದ 2.6 ಲಕ್ಷಕ್ಕೆ ಏರಿತು. ನೆರೆಯವರು ಒಪ್ಪಿದ್ದು ಕರುಣೆಗಿಂತ ಹೆಚ್ಚಾಗಿ ಈ ಭರವಸೆಯ ಮೇಲೆ ಎಂಬುದು ನನ್ನ ಅಭಿಪ್ರಾಯ.

ಕಡತಪ್ರಿಯ:
ಎರಡನೆಯ ಪ್ರಶ್ನೆಗೆ ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪದಲ್ಲಿ ಉತ್ತರ ಸಿಗುತ್ತದೆ. ಸುಮಾರು ಒಂದು ಚದರ ಕಿಲೋಮೀಟರಿನ ಆ ನೆಲದಲ್ಲಿ 1979ರ ನಡುವಿನಲ್ಲಿ 40 ಸಾವಿರದಷ್ಟು ಜನರಿದ್ದರು. ಮರದ ತುಂಡು, ಟಾರ್ಪಾಲು, ಗೋಣಿಚೀಲಗಳ ಗುಡಿಸಲುಗಳಲ್ಲಿ ಅವರ ವಾಸ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೆಸರು ನೋಂದಾಯಿಸುತ್ತಿತ್ತು, ಆದರೆ ಆಯ್ಕೆಯ ಅಧಿಕಾರ ಆಯಾ ದೇಶದ ನಿಯೋಗದ್ದು. ಬಂಧುಗಳು ಯಾವ ದೇಶದಲ್ಲಿದ್ದಾರೆ, ಹಿಂದೆ ಅಮೆರಿಕನ್ನರ ಕೈಕೆಳಗೆ ಕೆಲಸ ಮಾಡಿದ್ದರೇ, ಯಾವ ಭಾಷೆ ಬರುತ್ತದೆ ಎಂದೆಲ್ಲ ಸಂದರ್ಶನದಲ್ಲಿ ಕೇಳುತ್ತಿದ್ದರು. ಎದೆಯ ಎಕ್ಸ್‌-ರೇಯಲ್ಲಿ ಕ್ಷಯದ ಗುರುತು ಕಂಡರೆ ಚಿಕಿತ್ಸೆ ಮುಗಿಯುವವರೆಗೆ ಪ್ರಯಾಣ ನಿಲ್ಲುತ್ತಿತ್ತು. ನಮ್ಮ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಮೀನು ಕೊಟ್ಟು ಊರು ಕಟ್ಟಿಸಿದಂತೆ ಅಲ್ಲೇ ನೆಲೆಗೊಳಿಸುವ ಆಲೋಚನೆ ಇಲ್ಲಿ ಇರಲೇ ಇಲ್ಲ.

ಕೆನಡಾದ ಕ್ರಮ ಮಾತ್ರ ಬೇರೆಯಾಗಿತ್ತು. ಅಲ್ಲಿ ಐದು ಮಂದಿ ನಾಗರಿಕರು ಅಥವಾ ಒಂದು ಚರ್ಚು ಸೇರಿ ಒಂದು ಕುಟುಂಬದ ವರ್ಷದ ಖರ್ಚಿನ ಹೊಣೆ ಹೊರಬಹುದಿತ್ತು. 1979-80ರಲ್ಲಿ ಆ ದೇಶಕ್ಕೆ ಬಂದ ಇಂಡೋಚೀನಾದ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) 60 ಸಾವಿರ ನಿರಾಶ್ರಿತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಮಾರ್ಗದಲ್ಲಿ ಬಂದವರು.

ಇತಿಹಾಸ ವಿದ್ಯಾರ್ಥಿ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ 1979ರ ವ್ಯವಸ್ಥೆ ಕೊನೆಯವರೆಗೂ ನಡೆಯಿತೇ?

ಹಳೆಯ ಓದುಗ:
ಇಲ್ಲ. 1980ರ ದಶಕದ ಕೊನೆಯಲ್ಲಿ ದೋಣಿಗಳ ಸಂಖ್ಯೆ ಮತ್ತೆ ಏರಿತು, ನೆಲೆ ಕೊಡುವ ದೇಶಗಳ ಉತ್ಸಾಹ ಇಳಿದಿತ್ತು. 1988ರ ಜೂನ್ 16ರ ನಂತರ ಹಾಂಗ್‌ಕಾಂಗ್‌ಗೆ ಬಂದವರು ತಮಗೆ ದಮನದ ಭಯವಿದೆಯೆಂದು ತಾವೇ ಸಾಬೀತುಪಡಿಸಬೇಕಾಯಿತು, ಇಲ್ಲದಿದ್ದರೆ ಹಿಂದಿರುಗಬೇಕಿತ್ತು. 1989ರ ಜೂನ್‌ನಲ್ಲಿ ಜಿನೀವಾದ ಎರಡನೆಯ ಸಭೆ ಈ ಪರಿಶೀಲನೆಯನ್ನು ಇಡೀ ಪ್ರದೇಶಕ್ಕೆ ವಿಸ್ತರಿಸಿತು. ತೀರದರ್ಶಿಯವರು ಹೇಳಿದ ಭರವಸೆ ಸಡಿಲಗೊಂಡಾಗ ಅದರ ಭಾರ ಬಿದ್ದದ್ದು ಶಿಬಿರದಲ್ಲಿ ಕುಳಿತವರ ಮೇಲೆಯೇ. ಅದೇ ಡಿಸೆಂಬರ್ 12ರಂದು ಹಾಂಗ್‌ಕಾಂಗ್ ಸರ್ಕಾರ 51 ಜನರನ್ನು ಒತ್ತಾಯದಿಂದ ವಿಮಾನ ಹತ್ತಿಸಿ ಹನೋಯ್‌ಗೆ ಕಳುಹಿಸಿತು. ಸ್ವಇಚ್ಛೆಯಿಂದ ಹಿಂದಿರುಗಿದವರಿಗೆ ಧನಸಹಾಯವಿತ್ತು. 1989ರ ಸಭೆಯಲ್ಲಿ ಒಪ್ಪಿದ ಈ ಯೋಜನೆ 1996ರಲ್ಲಿ ಮುಗಿಯುವ ಹೊತ್ತಿಗೆ, ಎರಡೂ ಬಗೆಯವರು ಸೇರಿ, ವಿಯೆಟ್ನಾಮಿಗೆ ಮರಳಿದವರು 1 ಲಕ್ಷಕ್ಕೂ ಹೆಚ್ಚು.