ಹಾಯಿ ಯಾಟ್‌ನ ಹಿಂಬದಿ ತಗ್ಗುತ್ತಿದೆ: ಮೂತಿಯಲ್ಲಿ ಸೀಸ ಇಟ್ಟರೆ ಸರಿಹೋಗುತ್ತದೆಯೇ?

ಅಲೆಮಾರಿ:
ಜಲರೇಖೆಯಲ್ಲಿ 14.5 ಮೀಟರ್ ಉದ್ದ, 18 ಟನ್ ತೂಕದ ಐಷಾರಾಮಿ ಹಾಯಿ ಯಾಟ್ ಒಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಫೋಮ್ ಸ್ಯಾಂಡ್‌ವಿಚ್ ಹಲ್ (ಎರಡು ತೆಳು ಪದರಗಳ ನಡುವೆ ಫೋಮ್ ಇಟ್ಟ ಒಡಲು), ಸೀಸದ ಬಲ್ಬ್ ಇರುವ 6 ಟನ್ ಕೀಲ್ (ತಳದಿಂದ ನೀರಿಗಿಳಿಯುವ ಭಾರದ ರೆಕ್ಕೆ), ಜೋಡಿ ಚುಕ್ಕಾಣಿ. ಮೊದಲು ತಂತ್ರಾಂಶದಲ್ಲಿ ಸಮವಾಗಿಯೇ ತೇಲುತ್ತಿತ್ತು. ಆಮೇಲೆ ಹಿಂಬದಿಯ ಗ್ಯಾರೇಜಿನಲ್ಲಿ ಎಂಜಿನ್ ಸಮೇತ ಪುಟ್ಟ ದೋಣಿ (250 ಕೆ.ಜಿ., 6.3 ಮೀಟರ್ ಹಿಂದೆ), ಜನರೇಟರ್ (300 ಕೆ.ಜಿ., 4 ಮೀಟರ್), ನೀರಿಗಿಳಿದು ಈಜಲು ಹೈಡ್ರಾಲಿಕ್ ಕಟ್ಟೆ (150 ಕೆ.ಜಿ., 7 ಮೀಟರ್), ಬ್ಯಾಟರಿಗಳು (250 ಕೆ.ಜಿ., 3 ಮೀಟರ್) ಸೇರಿದವು. ದೂರಗಳೆಲ್ಲ ಜಲತಲದ ವಿಸ್ತೀರ್ಣ ಕೇಂದ್ರದಿಂದ, ಅಂದರೆ ಯಾಟ್ ಹಿಂದೆಮುಂದೆ ವಾಲುವ ಬಿಂದುವಿನಿಂದ ಅಳೆದವು. ಈಗ ಎರಡು ತುದಿಗಳು ನೀರಿಗಿಳಿದ ಆಳದ ನಡುವೆ 12 ಸೆಂ.ಮೀ. ವ್ಯತ್ಯಾಸ. ನೀರಿನಿಂದ 3 ಸೆಂ.ಮೀ. ಮೇಲಿದ್ದ ಟ್ರಾನ್ಸಮ್ (ಹಿಂಬದಿಯ ಚಪ್ಪಟೆ ಗೋಡೆ) ಅಂಚು ಮುಳುಗಿದೆ. ಮೂತಿಯಲ್ಲಿ ಸೀಸ ತುಂಬಲೇ?

ತೂಕದ ಲೆಕ್ಕ:
ಬೇಡ. ನಿಮ್ಮ ನಾಲ್ಕು ವಸ್ತುಗಳ ತೂಕವನ್ನು ಅವುಗಳ ದೂರದಿಂದ ಗುಣಿಸಿ ಕೂಡಿದರೆ ಸುಮಾರು 4.6 ಟನ್-ಮೀಟರ್. ಈ ಅಳತೆಯ ಯಾಟ್ ಒಂದು ಸೆಂಟಿಮೀಟರ್ ವಾಲಲು ಹೆಚ್ಚುಕಡಿಮೆ 0.38 ಟನ್-ಮೀಟರ್ ಸಾಕು, ಆದ್ದರಿಂದ 12 ಸೆಂ.ಮೀ. ಸರಿಯಾದ ಉತ್ತರವೇ; ತಂತ್ರಾಂಶದ ದೋಷವಲ್ಲ. ಇದನ್ನು 5.5 ಮೀಟರ್ ಮುಂದಿಟ್ಟ ಸೀಸದಿಂದ ಸರಿದೂಗಿಸಲು 840 ಕೆ.ಜಿ. ಬೇಕು. ಯಾಟ್ ಇನ್ನೂ 2 ಸೆಂ.ಮೀ. ಮುಳುಗುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡು ತುದಿಗಳಲ್ಲೂ ಭಾರ ಕೂತರೆ ಅಲೆಗಳಲ್ಲಿ ಮೂತಿ ಎದ್ದೆದ್ದು ಬೀಳುತ್ತದೆ, ವೇಗವೂ ಹೋಗುತ್ತದೆ, ಮಲಗಿದವರ ನಿದ್ದೆಯೂ ಹೋಗುತ್ತದೆ. ಹಾಗೆಂದು ಹಿಂಬದಿಯನ್ನು ಈಗಿರುವಂತೆ ಬಿಡುವಂತಿಲ್ಲ. ಮುಳುಗಿದ ಟ್ರಾನ್ಸಮ್ ನೀರನ್ನು ಎಳೆದುಕೊಂಡು ಹೋಗುತ್ತದೆ, ತೆಳುಗಾಳಿಯಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಗಾಳಿಪಟ:
ಕೀಲನ್ನೇ ಮುಂದಕ್ಕೆ ಸರಿಸಿದರೆ? 6 ಟನ್ ಭಾರ ಅರ್ಧ ಮೀಟರ್ ಸರಿದರೆ 3 ಟನ್-ಮೀಟರ್ ಪುಕ್ಕಟೆಯಾಗಿ ಸಿಗುತ್ತದೆ. ಉಳಿದದ್ದಕ್ಕೆ ಕುಡಿಯುವ ನೀರಿನ ಟ್ಯಾಂಕನ್ನು ಮೂತಿಯ ಕಡೆಗೆ ಒಯ್ಯಬಹುದು.

ತೂಕದ ಲೆಕ್ಕ:
ಅದು ಪುಕ್ಕಟೆಯಲ್ಲ. ಕೀಲ್ ಸರಿದರೆ ಪಕ್ಕದ ಸೆಳೆತವನ್ನು ತಡೆಯುವ ಕೇಂದ್ರವೂ ಮುಂದೆ ಸರಿಯುತ್ತದೆ, ಹಾಯಿಗಳ ಕೇಂದ್ರ ಅಲ್ಲೇ ಉಳಿಯುತ್ತದೆ. ಆಗ ಯಾಟ್ ಸದಾ ಗಾಳಿಯತ್ತ ತಿರುಗಲು ನೋಡುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ಸರಿಪಡಿಸಲು ಹಾಯಿಗಂಬ ಮುಂದೆ ಹೋಗಬೇಕು, ಅದರ ಬುಡದ ಬಲ್ಕ್‌ಹೆಡ್ (ಅಡ್ಡಗೋಡೆ), ಬಿಗಿಹಗ್ಗಗಳ ಆಧಾರಗಳೂ ಅದರ ಜೊತೆಗೇ ಹೊರಡಬೇಕು. ಒಂದು ಗ್ಯಾರೇಜಿಗಾಗಿ ಇಡೀ ಯಾಟ್ ಮತ್ತೆ ಬರೆದಂತೆ! ನೀರಿನ ವಿಷಯವೂ ಅಷ್ಟೆ. ಟ್ಯಾಂಕ್ ಖಾಲಿಯಾಗುತ್ತದಲ್ಲ? ಬಂದರಿನಿಂದ ಹೊರಡುವಾಗ ಸಮವಾಗಿದ್ದದ್ದು ಪ್ರಯಾಣ ಮುಗಿಯುವಾಗ ಮತ್ತೆ ಹಿಂದಕ್ಕೆ ವಾಲುತ್ತದೆ. ಟ್ಯಾಂಕುಗಳ ಜಾಗ ಮಧ್ಯದಲ್ಲೇ. ವಾಲಿಕೆ ತಿದ್ದಲು ಬದಲಾಗದ ತೂಕವನ್ನು ಬಳಸಿ.

ಬ್ಯಾಟರಿಗಳನ್ನು ಕೇಂದ್ರದಿಂದ 1 ಮೀಟರ್ ಮುಂದೆ, ಸಲೂನಿನ (ಕೂರುವ ಕೋಣೆಯ) ನೆಲದಡಿಗೆ ತನ್ನಿ: 1 ಟನ್-ಮೀಟರ್ ಕಡಿಮೆಯಾಯಿತು. ಜನರೇಟರ್ ಕೇಂದ್ರದಿಂದ ಬರೀ 1 ಮೀಟರ್ ಹಿಂದೆ ಕೂತರೆ ಇನ್ನೊಂದು 0.9. ಗಾಳಿ ತುಂಬುವ ಹಗುರ ದೋಣಿ, ಚಿಕ್ಕ ವಿದ್ಯುತ್ ಎಂಜಿನ್ ಸೇರಿ 100 ಕೆ.ಜಿ. ಒಳಗೆ ಬಂದರೆ ಸುಮಾರು 0.95.

ಅಲೆಮಾರಿ:
ಜನರೇಟರ್ ಸಲೂನಿನ ಪಕ್ಕಕ್ಕೆ ಬಂದರೆ ಸದ್ದು? ತೇಗದ ಡೆಕ್ಕನ್ನೂ ಬಿಡಬೇಕೇ?

ತೂಕದ ಲೆಕ್ಕ:
ಶಬ್ದ ತಡೆಯುವ ಪೆಟ್ಟಿಗೆ, ಎರಡು ಹಂತದ ರಬ್ಬರ್ ಆಧಾರ ಕೊಡಿ. ಹಲ್‌ಗೆ ನೇರವಾಗಿ ಬೋಲ್ಟ್ ಹಾಕಬೇಡಿ. ಸ್ಯಾಂಡ್‌ವಿಚ್ ಹಲಗೆ ನಡುಕವನ್ನು ಚೆನ್ನಾಗಿ ಸಾಗಿಸುತ್ತದೆ. ತೇಗ ಉದ್ದಕ್ಕೂ ಹರಡಿರುವುದರಿಂದ ವಾಲಿಕೆಗೆ ಅದು ಕಾರಣವಲ್ಲ. ಆದರೆ 60 ಚದರ ಮೀಟರ್‌ಗೆ 10 ಮಿ.ಮೀ. ದಪ್ಪದ ತೇಗವೆಂದರೆ 390 ಕೆ.ಜಿ.ಯಷ್ಟು, ಅದೂ ಎತ್ತರದಲ್ಲಿ. ಗುರುತ್ವ ಕೇಂದ್ರ ಸುಮಾರು 3 ಸೆಂ.ಮೀ. ಏರಿ ಸ್ಥಿರತೆ ತಗ್ಗುತ್ತದೆ. ನನ್ನನ್ನು ಕೇಳಿದರೆ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ಟಿಗಷ್ಟೇ ತೇಗ ಸಾಕು. ಅಂದಹಾಗೆ, ಹಲ್‌ನ ಅಚ್ಚು ಇನ್ನೂ ಕತ್ತರಿಸಿಲ್ಲ ತಾನೇ?

ಅಲೆಮಾರಿ:
ಇಲ್ಲ, ಇನ್ನೂ ಪರದೆಯ ಮೇಲೆಯೇ ಇದೆ. ನೀವು ಹೇಳಿದಂತೆ ಸಾಮಾನು ಸರಿಸಿದ ಮೇಲೆ ವ್ಯತ್ಯಾಸ 4.6 ಸೆಂ.ಮೀ.ಗೆ ಇಳಿದಿದೆ.

ತೂಕದ ಲೆಕ್ಕ:
ಹಾಗಾದರೆ ಉಳಿದದ್ದನ್ನು ಹಲ್‌ನ ಆಕಾರವೇ ಹೊರಲಿ. ಹಿಂಭಾಗದ ತಳದಲ್ಲಿ ತುಸು ಗಾತ್ರ ಸೇರಿಸಿ, ತೇಲುಬಲದ ಕೇಂದ್ರವನ್ನು 10 ಸೆಂ.ಮೀ. ಹಿಂದಕ್ಕೆ ತನ್ನಿ. ಆಮೇಲೆ ಪಕ್ಕಕ್ಕೆ 20 ಡಿಗ್ರಿ ಓರೆಯಾಗಿಸಿಯೂ ನೋಡಿ: ಅಗಲವಾದ ಹಿಂಬದಿ ಓರೆಯಾದಾಗ ಮೇಲೆದ್ದು ಮೂತಿಯನ್ನು ನೀರಿಗೆ ಒತ್ತುತ್ತದೆ. ಆ ಚಿತ್ರವನ್ನು ಇಲ್ಲಿ ಹಾಕಿ, ಚುಕ್ಕಾಣಿಗಳ ಆಳವನ್ನು ಅದರ ಮೇಲೆಯೇ ನಿರ್ಧರಿಸೋಣ.