ಸಹಾಯ ಬೇಕು: ಸಂಜೆಯಾದರೆ ವಿಸ್ಪರ್ ಸಿಗ್ನಲ್ ರೇಡಿಯೋ ಗದ್ದಲದಲ್ಲಿ ಮುಳುಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮನೆ ತಾರಸಿ ಮೇಲೆ 20 ಮೀಟರ್ ರೇಡಿಯೋ ಬ್ಯಾಂಡಿನ ಡೈಪೋಲ್ (ತಂತಿ ಆಂಟೆನಾ) ಕಟ್ಟಿ, 14.0956 ಮೆಗಾಹರ್ಟ್ಸ್‌ನಲ್ಲಿ ವಿಸ್ಪರ್ (WSPR: ತೀರಾ ಕಡಿಮೆ ಶಕ್ತಿಯಲ್ಲಿ ಕಳಿಸಿ, ರೇಡಿಯೋ ಅಲೆ ಎಲ್ಲಿವರೆಗೆ ಮುಟ್ಟುತ್ತದೆಂದು ನೋಡುವ ಹವ್ಯಾಸಿ ರೇಡಿಯೋ ಪದ್ಧತಿ) ಸಿಗ್ನಲ್ ಹಿಡಿದು ಆನ್‌ಲೈನ್ ದಾಖಲೆಗೆ ಕಳಿಸುತ್ತಿದ್ದೇನೆ. ಬೆಳಗ್ಗೆ ಎಲ್ಲಾ ಚೆನ್ನಾಗಿರುತ್ತದೆ. ಯುರೋಪಿನಿಂದ 200 ಮಿಲಿವ್ಯಾಟ್‌ನಲ್ಲಿ ಕಳಿಸಿದ್ದೂ ಸಿಗುತ್ತದೆ!

ಬೀದಿಯಲ್ಲಿ ದೀಪ ಹತ್ತಿದರೆ ಮುಗೀತು. ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ) ತುಂಬ ಸಮ ಅಂತರದಲ್ಲಿ ದಪ್ಪ ಗೆರೆಗಳು, ಅವೂ ನಿಧಾನಕ್ಕೆ ಆಚೀಚೆ ಸರಿಯುತ್ತವೆ. ಮೇನ್ ಸ್ವಿಚ್ ಆರಿಸಿ, ರಿಸೀವರನ್ನೂ ಲ್ಯಾಪ್‌ಟಾಪನ್ನೂ ಬ್ಯಾಟರಿಯಲ್ಲಿ ಓಡಿಸಿ ನೋಡಿದೆ, ಹೋಗಲಿಲ್ಲ. ಅಂದರೆ ಹೊರಗಿನದು. ಯಾವುದೋ ಎಲ್ಇಡಿ ಡ್ರೈವರ್ (ದೀಪಕ್ಕೆ ವಿದ್ಯುತ್ ಕೊಡುವ ಸರ್ಕ್ಯೂಟ್) ಅಥವಾ ಇನ್ವರ್ಟರ್ ಇರಬೇಕು.

ಬೆಳಗಿನದು ಸಾಕಲ್ವಾ ಅನ್ನಬೇಡಿ. ನಮಗೆ ಬೇಕಾದದ್ದೇ ಸಂಜೆಯ ಡೇಟಾ. ಕಾಂತೀಯ ಸಮಭಾಜಕ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ರೇಖೆ) ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ಇಲ್ಲಿನ ಅಯಾನುಗೋಳ (ರೇಡಿಯೋ ಅಲೆಗಳನ್ನು ಬಾಗಿಸಿ ಭೂಮಿಗೆ ಮರಳಿಸುವ ವಾತಾವರಣದ ಮೇಲಿನ ಪದರ) ಮೇಲಕ್ಕೇರಿ, ಕೆಲವು ದಿನ ಅದರಲ್ಲಿ ಗುಳ್ಳೆಗಳೇಳುತ್ತವೆ (ಎಲೆಕ್ಟ್ರಾನ್ ತೀರಾ ಕಡಿಮೆಯಿರುವ ಜಾಗಗಳು). ಸಿಗ್ನಲ್ ನಡುಗುತ್ತದೆ. 2023 ಮತ್ತು 2024ರ ಸೂರ್ಯಗ್ರಹಣಗಳಲ್ಲಿ ಅಯಾನುಗೋಳ ಹೇಗೆ ಬದಲಾಗುತ್ತದೆಂದು ತಿಳಿಯಲು ಅಮೆರಿಕದ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಹ್ಯಾಮ್‌ಸೈ (ಹ್ಯಾಮ್‌ಗಳೂ ವಿಜ್ಞಾನಿಗಳೂ ಸೇರಿದ ಸಂಶೋಧನಾ ಗುಂಪು) ಜೊತೆ ಸೇರಿ ರಾಶಿ ಡೇಟಾ ಕೂಡಿಹಾಕಿದರು. ನಮ್ಮ ಕಡೆ ಕೇಳುವ ಸ್ಟೇಷನ್‌ಗಳು ಇನ್ನೂ ಜಾಸ್ತಿ ಆಗಬೇಕು.

ಕೋಆಕ್ಸ್‌ಗೆ (ಆಂಟೆನಾ ಕೇಬಲ್) ಗದ್ದಲ ತಡೆಯುವ ಚೋಕ್ ಸುತ್ತಲು 31 ಮಿಕ್ಸ್ ಅನ್ನುವ ಬಗೆಯ ಫೆರೈಟ್ ರಿಂಗ್ ಇಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಸಿಗುತ್ತಾ? ಡೈಪೋಲ್ ಬಿಟ್ಟು ರಿಸೀವಿಂಗ್ ಲೂಪ್ (ಬಳೆಯಂಥ ಆಂಟೆನಾ) ಹಾಕಿದವರಿದ್ದರೆ, ಗದ್ದಲ ನಿಜವಾಗಿ ಇಳಿಯಿತಾ ಹೇಳಿ. ಮಲೆನಾಡಿನ ತೋಟದ ಮನೆಯಲ್ಲಿ ಯಾರಾದರೂ ರಿಸೀವರ್ ಇಡಲು ಒಪ್ಪಿದರೆ ಸಾಫ್ಟ್‌ವೇರ್ ಹೊಂದಿಸಿ ಕೊಡುವುದು ನನ್ನ ಜವಾಬ್ದಾರಿ. ವಿಸ್ಪರ್ ಸಿಗ್ನಲ್ ಬಿಡಿಸಲು ಸಮಯ ಹೊಂದಬೇಕು; ಹಾಗಾಗಿ ಕರೆಂಟು ಹೋಗಿ ಬಂದರೂ ಕಂಪ್ಯೂಟರಿನ ಗಡಿಯಾರ ಸೆಕೆಂಡಿನ ಲೆಕ್ಕಕ್ಕೆ ಸರಿಯಾಗಿರಬೇಕು, ಅಷ್ಟೇ.