ಪದಚರ್ಚೆ: ಒಗ್ಗಿದ ಹುಳು, ತಾಳುವ ಹುಳು, ತಡೆಯುವ ಹುಳು

ಪ್ರಶ್ನೆ: ಬಳಗಕ್ಕೆ ನಮಸ್ಕಾರ. ಕಲುಷಿತ ಕೆಸರಿನಲ್ಲಿ ತಲೆಮಾರುಗಟ್ಟಲೆ ಬಾಳಿದ ಕಡಲ ಹುಳುಗಳ ಬಗೆಗಿನ ಅನುವಾದವೊಂದರಲ್ಲಿ ಟಾಲರೆನ್ಸ್, ರೆಸಿಸ್ಟೆನ್ಸ್, ಅಕ್ಲಿಮೇಶನ್ ಮೂರಕ್ಕೂ ‘ಸಹಿಷ್ಣುತೆ’ ಎಂದೇ ಹಾಕಲಾಗಿದೆ. ಬೇರೆ ಪದಗಳು ಬೇಕಲ್ಲವೇ? ಸೆಡಿಮೆಂಟಿಗೆ ‘ಹೂಳು’ ಸರಿಯೇ?

ಉತ್ತರ: ಬೇಕೇ ಬೇಕು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ರೆಸ್ಟ್ರಾಂಗೆಟ್ ಅಳಿವೆಯನ್ನೇ ನೋಡಿ. ತಾಮ್ರ, ತವರದ ಹಳೆಯ ಗಣಿಗಳ ನೀರು ಕಾರ್ನನ್ ನದಿಯ ಮೂಲಕ ಅಲ್ಲಿಗೆ ಸೇರುತ್ತದೆ. ಒಣಗಿಸಿದ ಕೆಸರಿನ ಪ್ರತಿ ಗ್ರಾಮಿಗೆ 2000 ಮೈಕ್ರೊಗ್ರಾಂ ಮೀರಿ ತಾಮ್ರವಿದ್ದರೂ ನೆರೀಸ್ ಡೈವರ್ಸಿಕಲರ್ ಎಂಬ ಹುಳು ಅದರಲ್ಲೇ ಬಿಲ ತೋಡಿಕೊಂಡು ಬಾಳುತ್ತದೆ. ಇದನ್ನೇ ಈಗ ಹೆಡಿಸ್ಟೆ ಡೈವರ್ಸಿಕಲರ್ ಎನ್ನುತ್ತಾರೆ. ಬ್ರಯಾನ್ ಮತ್ತು ಹಮ್ಮರ್‌ಸ್ಟೋನ್ ಎಂಬ ಸಂಶೋಧಕರು 1970ರ ದಶಕದ ಆರಂಭದಲ್ಲಿ ಇದರ ಮೇಲೆ ಮಾಡಿದ ಕೆಲಸ ಪದ ಆರಿಸುವವರಿಗೂ ದಾರಿದೀಪ.

ತಾಮ್ರ ಈ ಹುಳುವಿನ ಒಳಗೆ ಧಾರಾಳವಾಗಿ ಹೋಗುತ್ತದೆ. ಮೈಯಲ್ಲಿ ಕಟ್ಟಿಟ್ಟ ಸ್ಥಿತಿಯಲ್ಲಿರುವುದರಿಂದ ಕೆಡುಕು ಮಾಡದು. ಇದು ಟಾಲರೆನ್ಸ್, ಅಂದರೆ ‘ತಾಳಿಕೆ’. ಸತುವಿನ ವಿಷಯ ಬೇರೆ: ಚರ್ಮವೇ ಅದನ್ನು ಕಡಿಮೆ ಒಳಬಿಡುತ್ತದೆ. ಇದು ರೆಸಿಸ್ಟೆನ್ಸ್, ಇದಕ್ಕೆ ‘ತಡೆ’ ಎನ್ನುವುದೇ ಸರಿ. ಒಂದೇ ಹುಳು, ಎರಡು ಲೋಹ, ಎರಡು ಉಪಾಯ. ‘ಸಹಿಷ್ಣುತೆ’ ಎಂದರೆ ಈ ಭೇದವೇ ಅಳಿಸಿಹೋಗುತ್ತದೆ.

ಅಕ್ಲಿಮೇಶನ್‌ಗೆ ‘ಒಗ್ಗುವಿಕೆ’. ಹೊಸ ಊರಿನ ನೀರು ಒಗ್ಗಿತು ಅನ್ನುತ್ತೇವಲ್ಲ, ಅದೇ. ಒಂದು ಜೀವ ತನ್ನ ಆಯುಸ್ಸಿನಲ್ಲಿ ಗಳಿಸುವುದು, ಮರಿಗೆ ದಾಟದು. ಹುಳುವಿನ ಗುಣ ಒಗ್ಗಿದ್ದೋ ವಂಶದಿಂದ ಬಂದದ್ದೋ ಎಂದು ಪರೀಕ್ಷಿಸಲು ಕಲುಷಿತ ಅಳಿವೆಯ ಹುಳುಗಳನ್ನು ಶುದ್ಧ ಕೆಸರಿನಲ್ಲಿ ಸಾಕಿ, ಅವುಗಳ ಮರಿಗಳನ್ನು ಶುದ್ಧ ಅಳಿವೆಯ ಮರಿಗಳ ಜತೆ ಒಂದೇ ಪ್ರಮಾಣದ ತಾಮ್ರದ ನೀರಿಗೆ ಬಿಡಬೇಕು. ಉಪ್ಪಿನಂಶವೂ ಒಂದೇ ಇರಲಿ, ಅದು ಬದಲಾದರೆ ತಾಮ್ರದ ವಿಷವೂ ಬದಲಾಗುತ್ತದೆ. ಮರಿಗಳೂ ಹೆಚ್ಚು ಬಾಳಿದರೆ ಅದು ವಂಶದಿಂದ ಬಂದ ತಾಳಿಕೆ. ರೆಸ್ಟ್ರಾಂಗೆಟ್‌ನದು ಹಾಗೆ ಬಂದದ್ದೇ.

ಇದೇ ಬಗೆಯ ಬರಹಗಳಲ್ಲಿ ಬರುವ ಇನ್ನೊಂದು ಪದ ಬಯೋಅಕ್ಯುಮುಲೇಶನ್, ಅಂದರೆ ಲೋಹದಂಥವು ಜೀವಿಯ ಮೈಯಲ್ಲಿ ಸೇರಿಕೊಳ್ಳುತ್ತ ಹೋಗುವುದು. ಅದಕ್ಕೆ ‘ಮೈಗೂಡಿಕೆ’ ನನ್ನ ಆಯ್ಕೆ. ಹುಳುವಿನ ಕರುಳಿನ ತುಂಬ ಕೆಸರಿರುತ್ತದೆ. ಒಂದೆರಡು ದಿನ ಶುದ್ಧ ಕಡಲನೀರಲ್ಲಿಟ್ಟು ಅದನ್ನು ಖಾಲಿ ಮಾಡಿಸದೆ ಅಳೆದರೆ, ಹೊಟ್ಟೆಯ ಕೆಸರಿನ ತಾಮ್ರವೂ ಮೈಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಳಗಿದ್ದದ್ದೆಲ್ಲ ಮೈಗೂಡಿದ್ದಲ್ಲ ಎಂಬುದು ಈ ಪದದಲ್ಲೇ ಇದೆ.

ಹೂಳು ಎಂದರೆ ಕೆರೆಯಲ್ಲೋ ಕಾಲುವೆಯಲ್ಲೋ ತುಂಬಿ ತೊಡಕಾಗಿ, ಎತ್ತಿಹಾಕಬೇಕಾದದ್ದು. ಹುಳು ಮನೆ ಮಾಡಿಕೊಂಡ ನೆಲಕ್ಕೆ ‘ಕೆಸರು’ ಸಾಕು. ಮರಳು ಹೆಚ್ಚಿರುವ ಕಡೆ ‘ತಳಮಣ್ಣು’ ಅನ್ನಿ.